ವಾರಿಜಕ್ಕನ ಉಪ್ಪುಸೊಳೆಯೂ ದೂಮಪ್ಪನ ತಣ್ಣನೆಯ ಕಡಲೂ

"ಯಾರೂ ಮುಟ್ಟಬಾರದು! ಗಾಜಿನ ಮೇಲೆ ಉಸಿರು ಸಹ ಬಿಡಬಾರದು!"

ದೂಮಪ್ಪ ತಿಂಗಳಾಯ ಎರಡೂ ಕೈ ಚಾಚಿಕೊಂಡು ಚಾವಡಿಯ ನಡುವೆ ನಿಂತಿದ್ದ. ಚಾವಡಿ ಯಾರದು? ವಾರಿಜಕ್ಕನದು. ಮನೆ ಯಾರದು? ಅದೂ ವಾರಿಜಕ್ಕನದೇ, ತಾಯಿಯಿಂದ ಮಗಳಿಗೆ ಬಂದದ್ದು. ತಮ್ಮನಾದ ದೂಮಪ್ಪ ಅಲ್ಲಿರುವುದು ಅಕ್ಕ ಬಡಿಸಿದ ಗಂಜಿ ಉಂಡುಕೊಂಡು. ಹಾಗಿದ್ದೂ ಆ ಚಾವಡಿಯ ಮುಕ್ಕಾಲು ಪಾಲನ್ನು ಒಂದು ಗಾಜಿನ ತೊಟ್ಟಿ ನುಂಗಿ ಕೂತಿದೆ. ಮನೆಯ ಯಜಮಾನ್ತಿ ಬಾಗಿಲ ಸಂದಿಯಲ್ಲಿ ನಿಂತು ಇಣುಕಬೇಕಾಗಿದೆ. ನ್ಯಾಯವೇ ಇದು, ನೀವೇ ಹೇಳಿ!

ಪಡುಕಲ್ಲು ಬಂದರಿನ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಆಗಿ ಆಯುಷ್ಯ ಸವೆಸಿ ನಿವೃತ್ತನಾದವನು ಈ ದೂಮಪ್ಪ. ನಿವೃತ್ತರಾದವರು ಭಜನೆಗೆ ಹೋಗುತ್ತಾರೆ, ಇಸ್ಪೀಟು ಆಡುತ್ತಾರೆ, ಬಂದರಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಬೈಯುತ್ತಾರೆ. ಇವನು ಯಂತ್ರ ಮಾಡುತ್ತಾನೆ. ಹೋದ ವರ್ಷ ಬಂಗುಡೆಯ ಮುಳ್ಳು ತೆಗೆಯುವ ಯಂತ್ರ ಮಾಡಿದ್ದ. ಅದು ಮೀನನ್ನೆಲ್ಲ ಮಾಡಿಗೆ ಚಿಮ್ಮಿಸಿ, ಮುಳ್ಳನ್ನು ಮಾತ್ರ ನೀಟಾಗಿ ತಟ್ಟೆಯಲ್ಲಿಟ್ಟು ಕೊಟ್ಟಿತು. ವಾರಿಜಕ್ಕ ಹಂಚಿನಿಂದ ಬಂಗುಡೆ ಕೆರೆಸಿ ತೆಗೆಸುವಷ್ಟರಲ್ಲಿ ಓಣಿಯ ಬೆಕ್ಕುಗಳೆಲ್ಲ ಮಾಡಿನ ಮೇಲೆ ಸಂಸಾರ ಹೂಡಿದ್ದವು.

ಈ ಸಲ ಇನ್ನೂ ದೊಡ್ಡದು. ಓಣಿಯ ಜನರನ್ನೆಲ್ಲ ಕರೆದಿದ್ದಾನೆ. ಊರ ಮುಖಂಡ, ಐಸ್ ಪ್ಲಾಂಟಿನ ಧಣಿ, ಗುರಿಕಾರ ಪೂವಪ್ಪ ಕುಂದರ್ ಸಹ ಬಿಳಿ ಮುಂಡು ಉಟ್ಟು ಕುರ್ಚಿಯಲ್ಲಿ ಕೂತಿದ್ದಾರೆ.

"ನೋಡಿ," ಎಂದ ದೂಮಪ್ಪ, "ಇದು ಅಂಗಡಿಯ ಬಣ್ಣದ ಮೀನಲ್ಲ. ಎಲ್ಲ ನಮ್ಮ ಊರಿನದೇ! ಕಡಲದಡದ ಪಾದೆಕಲ್ಲಿನ ಹಿಂದಿನ ಹೊಂಡದಿಂದ ಒಂದೊಂದನ್ನೂ ಕೈಯಾರೆ ಹಿಡಿದು ತಂದದ್ದು. ಇದು ಕಲ್ಲೇಡಿ. ಇದು ಶಂಖದೊಳಗೆ ಬಾಡಿಗೆಗೆ ಕೂತ ಸನ್ಯಾಸಿ ಏಡಿ. ಇದು ನಕ್ಷತ್ರಮೀನು. ಇದು ಹೂವಿನ ಹಾಗೆ ಅರಳ್ತದಲ್ಲ, ಅದು ಹೂವಲ್ಲ, ಪ್ರಾಣಿ!"

ಪಕ್ಕದ ಮನೆಯ ಸೇಸಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಆ ಏಡಿ ಒಳ್ಳೆ ತುಂಬಿಕೊಂಡುಂಟು. ಸುಕ್ಕ ಮಾಡಿದ್ರೆ ಮೂರು ಮಂದಿಗೆ ಸಾಕು."

"ಸೇಸಕ್ಕಾ! ಇದು ತಿನ್ಲಿಕ್ಕೆ ಅಲ್ಲ, ನೋಡ್ಲಿಕ್ಕೆ!"

"ಏಡಿಯನ್ನು ನೋಡಿ ಎಂತ ಮಾಡುದು ಮಾರಾಯ? ಮತ್ತೆ, ನೀರು ಹೊತ್ತು ತರುವಾಗ ನಾನೂ ಕೊಡಕ್ಕೆ ಕೈ ಕೊಟ್ಟಿದ್ದೇನೆ. ಕೈರಂಪಣಿ ಬಲೆ ಎಳೆಯುವಾಗ ಹಗ್ಗ ಮುಟ್ಟಿದವರಿಗೆಲ್ಲ ಪಾಲು ಉಂಟು ತಾನೆ? ನನ್ನ ಪಾಲಿಗೆ ಆ ಏಡಿ ಕೊಡು."

"ಇದು ಕೈರಂಪಣಿ ಅಲ್ಲ, ವಿಜ್ಞಾನ!"

ಗುರಿಕಾರರು ಮೂಲೆಯ ಕಡೆ ಬೆರಳು ತೋರಿಸಿದರು. "ಕಲ್ಲಿನ ಸಂದಿಯಲ್ಲಿ ಕೂತಿದೆಯಲ್ಲ ಮೆತ್ತಗಿನದು, ಅದೆಂತ?"

"ಅದು ಆಕ್ಟೋಪಸ್. ಎಂಟು ಕೈ. ಹೆಸರು ಗುರಿಕಾರ."

ಚಾವಡಿಯ ಕಣ್ಣುಗಳೆಲ್ಲ ಕುರ್ಚಿಯ ಕಡೆ ತಿರುಗಿದವು.

"ಎಂತ ಹೆಸರು?" ಎಂದರು ಪೂವಪ್ಪ ಕುಂದರ್.

"ಗುರಿಕಾರ. ಇಡೀ ದಿನ ಕೂತಲ್ಲೇ ಕೂತಿರ್ತದೆ, ಎಲ್ಲರ ಮೇಲೆ ಕಣ್ಣು, ಕೆಲಸ ಮಾತ್ರ ಎಂತದೂ ಇಲ್ಲ. ಗೌರವಕ್ಕೇ ಇಟ್ಟದ್ದು ಧಣಿ!"

ಪೂವಪ್ಪ ಕುಂದರರ ಮೀಸೆ ಕುಣಿಯತೊಡಗಿತು. ದೂಮಪ್ಪ ಅದನ್ನು ಗಮನಿಸದೆ ತೊಟ್ಟಿಯ ಪಕ್ಕದ ಬಟ್ಟೆಯನ್ನು ಸರ್ರನೆ ಎಳೆದ. ಕೆಳಗೆ ಯಂತ್ರ! ಹಳೆಯ ಕಂಪ್ರೆಸರ್, ಅದರ ಮೇಲೆ ವಾರಿಜಕ್ಕನ ಪ್ರೆಶರ್ ಕುಕ್ಕರ್ (ಕಾಣೆಯಾಗಿದೆ ಎಂದು ಅವಳು ವಾರದಿಂದ ಹುಡುಕುತ್ತಿದ್ದದ್ದು!), ಕುಕ್ಕರಿನ ನೆತ್ತಿಯಲ್ಲಿ ಕೊಡೆಯ ಕಡ್ಡಿಗಳು, ಅವುಗಳ ನಡುವೆ ನಾಲಿಗೆಯ ಹಾಗೆ ಹೊರಗೆ ಚಾಚಿದ ಒಂದು ತಾಮ್ರದ ಪಟ್ಟಿ.

"ಮಳೆಗಾಲದಲ್ಲಿ ಕಡಲಿನ ಅಡಿಯ ತಣ್ಣೀರು ದಡಕ್ಕೆ ಬರ್ತದೆ. ಇವೆಲ್ಲ ಆ ತಂಪಿನಲ್ಲಿ ಬೆಳೆದವು. ಈಗಿನ ಬಿಸಿಲಿಗೆ ತೊಟ್ಟಿಯಲ್ಲಿಟ್ಟರೆ ಬಾಡಿ ಹೋಗ್ತವೆ. ಹಾಗಾದ್ರೆ ನೀರು ತಂಪು ಮಾಡಬೇಕು. ತಂಪು ಮಾಡುದು ಅಂದ್ರೆ ಎಂತ? ತಂಪು ಅಂತ ಒಂದು ವಸ್ತುವೇ ಇಲ್ಲ! ಇಲ್ಲಿಯ ಬಿಸಿಯನ್ನು ತೆಗೆದು ಬೇರೆ ಕಡೆಗೆ ಸಾಗಹಾಕುದು, ಅಷ್ಟೇ. ಆಫೀಸರನ್ನು ವರ್ಗ ಮಾಡಿದ ಹಾಗೆ! ಅದಕ್ಕೇ ಇದರ ಹೆಸರು ಶಾಖ ವರ್ಗಾವಣೆ ಯಂತ್ರ. ಪೈಪಿಲ್ಲ, ವಯರಿಲ್ಲ, ಗಾಳಿಯಲ್ಲೇ ಬಿಸಿ ಹೋಗ್ತದೆ!"

"ಎಲ್ಲಿಗೆ ಹೋಗ್ತದೆ?" ಎಂದು ಬಾಗಿಲ ಸಂದಿಯಿಂದ ಕೇಳಿದಳು ವಾರಿಜಕ್ಕ. ಇಡೀ ಚಾವಡಿಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

"ಸಮುದ್ರಕ್ಕೆ! ಅಷ್ಟು ದೊಡ್ಡ ಸಮುದ್ರಕ್ಕೆ ಇಷ್ಟು ಬಿಸಿ ಹೋದ್ರೆ ಯಾರಿಗೆ ಗೊತ್ತಾಗ್ತದೆ? ಯಂತ್ರಕ್ಕೆ ನಾನು ಒಂದೇ ಅಪ್ಪಣೆ ಕೊಟ್ಟದ್ದು: ಹತ್ತಿರದಲ್ಲಿ ಎಲ್ಲಿ ಉಪ್ಪುನೀರು ಉಂಟೋ, ಬಿಸಿಯನ್ನು ಅಲ್ಲಿಗೆ ಕಳಿಸು."

ಗುಂಡಿ ಒತ್ತಿದ. ಯಂತ್ರ ಗುರ್ ಎಂದಿತು. ತಾಮ್ರದ ನಾಲಿಗೆ ಆಚೆ ಈಚೆ ತಿರುಗಿ ಗಾಳಿ ನೆಕ್ಕಿತು. ತೊಟ್ಟಿಯ ಗಾಜಿಗೆ ಮಂಜು ಕಟ್ಟಿತು, ಬಾಡಿದ್ದ ಕಲ್ಲೇಡಿ ಚಿಮಟ ಎತ್ತಿ ನಿಂತಿತು, ಹೂವಿನಂಥ ಪ್ರಾಣಿ ಪೂರ್ತಿ ಅರಳಿತು. ಜನ ಚಪ್ಪಾಳೆ ತಟ್ಟಿದರು. ದೂಮಪ್ಪ ಎದೆ ಉಬ್ಬಿಸಿ ಅಕ್ಕನ ಕಡೆ ನೋಡಿದ.

ಆಗಲೇ ಉಗ್ರಾಣದ ಕೋಣೆಯಿಂದ ಸದ್ದು ಬಂತು. ಗುಳು ಗುಳು ಗುಳು.

ವಾರಿಜಕ್ಕ ಓಡಿದಳು. ಉಗ್ರಾಣದ ಮೂಲೆಯಲ್ಲಿ ದೊಡ್ಡ ಭರಣಿಯ ಮುಚ್ಚಳ ಅದರ ಮೇಲಿನ ಕಲ್ಲು ಸಮೇತ ತಕತಕ ಕುಣಿಯುತ್ತಿತ್ತು. ಸೆರಗು ಸುತ್ತಿ ಮುಚ್ಚಳ ತೆಗೆದಳೋ ಇಲ್ಲವೋ, ಉಗಿ ಬುಗ್ಗೆಂದು ಮುಖಕ್ಕೆ ಹೊಡೆಯಿತು.

"ಅಯ್ಯೋ ದೇವರೇ! ನನ್ನ ಸೊಳೆ!"

ಬೇಸಿಗೆಯಲ್ಲಿ ಕೈಗೆಲ್ಲ ಅಂಟು ಮೆತ್ತಿಸಿಕೊಂಡು, ಹಲಸಿನಕಾಯಿ ಬಿಡಿಸಿ, ಉಪ್ಪುನೀರಿನಲ್ಲಿ ಹಾಕಿಟ್ಟ ಸೊಳೆ ಅದು. ಯಾರಿಗೆ ಇಟ್ಟದ್ದು? ಮಗಳು ಮೋಹಿನಿಗೆ. ಗಂಗೊಳ್ಳಿಗೆ ಮದುವೆ ಮಾಡಿಕೊಟ್ಟ ಒಬ್ಬಳೇ ಮಗಳು ಈಗ ಬಸುರಿ. ಎಂತ ತಿಂದರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅನ್ನ ಬೇಡ, ಮೀನು ಬೇಡ, ಹಣ್ಣು ಬೇಡ, ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಮೊನ್ನೆ ಫೋನಿನಲ್ಲಿ ಅತ್ತುಬಿಟ್ಟಿದ್ದಳು: "ಅಮ್ಮಾ, ನಿನ್ನ ಕೈಯ ಉಪ್ಪುಸೊಳೆಯ ಪಲ್ಯ ಒಂದು ಬೇಕು. ಅದೊಂದು ಹೊಟ್ಟೆಯಲ್ಲಿ ನಿಂತೀತು ಅಂತ ಅನ್ನಿಸ್ತದೆ." ಬರುವ ಶುಕ್ರವಾರ ಬಯಕೆಯ ಊಟಕ್ಕೆ ತಾಯಿಮನೆಗೆ ಬರುವವಳು. ಈ ಕಾಲದಲ್ಲಿ ಹಲಸು ಯಾವ ಮರದಲ್ಲಿದೆ? ಇದ್ದದ್ದು ಹೀಗೆ ಭರಣಿಯಲ್ಲಿ ಮಾತ್ರ. ಅದೀಗ ಗಂಜಿಯಾಗಿ ಕುದಿಯುತ್ತಿದೆ!

ಸೌಟು ಹಾಕಿ ತಡಕಾಡಿ, ನಡುವಿನಲ್ಲಿ ಬೇಯದೆ ಉಳಿದ ಸ್ವಲ್ಪ ಸೊಳೆಯನ್ನು ಬಾಚಿ, ಬಟ್ಟೆಯಲ್ಲಿ ಗಂಟು ಕಟ್ಟಿ ಎದೆಗೆ ಅವಚಿಕೊಂಡು ಅವಳು ಹೊರಗೆ ಬಂದರೆ, ತಮ್ಮ ಎಂತ ಮಾಡುತ್ತಿದ್ದ ಗೊತ್ತೇ? ತೊಟ್ಟಿಯಿಂದ ಉಗ್ರಾಣಕ್ಕೆ ಟೇಪು ಹಿಡಿದು ಅಳೆಯುತ್ತಿದ್ದ.

"ಅಕ್ಕಾ, ತಪ್ಪು ಯಂತ್ರದ್ದಲ್ಲ! ನಿನ್ನ ಭರಣಿ ಸಮುದ್ರಕ್ಕಿಂತ ಹತ್ತಿರ ಉಂಟು!"

"ಓಹೋ! ಹಾಗಾದ್ರೆ ತಪ್ಪು ಭರಣಿಯದ್ದು!"

"ತಪ್ಪು ಅಂತಲ್ಲ, ಇಟ್ಟ ಜಾಗ ಸ್ವಲ್ಪ..."

"ಅಜ್ಜಿಯ ಕಾಲದಿಂದ ಭರಣಿ ಅಲ್ಲೇ ಉಂಟು! ನೀನು ಹುಟ್ಟುವ ಮೊದಲೇ ಉಂಟು! ನಿನ್ನ ಮಂಡೆ ಸಮ ಉಂಟಾ?"

ಕರಾವಳಿಯಲ್ಲಿ ಹುಟ್ಟಿ, ಉಪ್ಪುಸೊಳೆ ತಿಂದೇ ಬೆಳೆದವನು, ಹತ್ತಿರದ ಉಪ್ಪುನೀರು ಅಂದರೆ ಸಮುದ್ರ ಅಂದುಕೊಂಡದ್ದನ್ನು ಏನೆನ್ನಬೇಕು? ಅವನಿಗೆ ಅಷ್ಟೇ ಹೊಳೆದದ್ದು. ಎಲ್ಲ ಗಂಡಸರ ಹಾಗೆ ಅವನೂ ಭರಣಿಯ ಸೊಳೆಯನ್ನು ಊಟದ ಎಲೆಯಲ್ಲಿ ಮಾತ್ರ ಕಂಡವನು.

ಬೆಂದ ಭರಣಿಯ ಉಪ್ಪುನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿಸಿದ ದೂಮಪ್ಪ, "ಇನ್ನು ಸೀದಾ ಸಮುದ್ರಕ್ಕೇ" ಎಂದು ಕೈ ಕೊಡವಿಕೊಂಡ. ಅಷ್ಟರಲ್ಲಿ ಸೇಸಕ್ಕ ಬೊಬ್ಬೆ ಹಾಕುತ್ತ ಬಂದಳು. ಅವಳ ಮನೆಯ ಉಪ್ಪುಮಾವು ಬೆಂದಿತ್ತು. ಅವಳದನ್ನು ಚೆಲ್ಲಿದರೆ ಆಚೆ ಮನೆಯದು. ಅದನ್ನು ಚೆಲ್ಲಿದರೆ ಅದರಾಚೆಯದು. ಪಡುಕಲ್ಲಿನ ಓಣಿಯಲ್ಲಿ ಉಪ್ಪುನೀರಿನ ಭರಣಿ ಇಲ್ಲದ ಮನೆಯುಂಟೇ? ತಾಮ್ರದ ನಾಲಿಗೆ ಒಂದೊಂದೇ ಮನೆಯನ್ನು ಮೂಸಿಕೊಂಡು ಹೋಯಿತು. ಸಂಜೆಯ ಹೊತ್ತಿಗೆ ವಾರಿಜಕ್ಕನ ಅಂಗಳದ ತುಂಬ ಉಗಿಯಾಡುವ ಭರಣಿಗಳು, ಒಂದೊಂದು ಭರಣಿಯ ಹಿಂದೆ ಸೊಂಟಕ್ಕೆ ಕೈಯಿಟ್ಟುಕೊಂಡ ಒಬ್ಬೊಬ್ಬ ಹೆಂಗಸು.

"ನನ್ನ ಮಾವು!"

"ನನ್ನ ಸೊಳೆ ಪಾಯಸ ಆಗಿದೆ!"

"ನಿನ್ನ ತಮ್ಮನಿಗೆ ಬುದ್ಧಿ ಹೇಳುವವರು ಯಾರೂ ಇಲ್ವಾ ವಾರಿಜಾ?"

ಬೈಗುಳವೆಲ್ಲ ಯಾರಿಗೆ? ವಾರಿಜಕ್ಕನಿಗೆ! ದೂಮಪ್ಪ ತೊಟ್ಟಿಯ ಹಿಂದೆ ಅಡಗಿದ್ದ. ವಾರಿಜಕ್ಕನ ಹೊಟ್ಟೆ ಉರಿದುಹೋಯಿತು. ಒಂದು ಬೊಗಸೆ ಸೊಳೆ ಕಡಿಮೆ ಬಿದ್ದರೆ ಆಚೆ ಮನೆಯವರ ಹತ್ತಿರ ಸಾಲ ಕೇಳೋಣ ಎಂದುಕೊಂಡಿದ್ದಳು, ಈಗ ಇಡೀ ಊರಿನಲ್ಲಿ ಬೇಯದ ಸೊಳೆ ಎಂದರೆ ಅವಳ ಗಂಟಿನಲ್ಲಿ ಇದ್ದಷ್ಟೇ.

"ಅದನ್ನು ಬಂದ್ ಮಾಡು!"

"ಆಗುದಿಲ್ಲ ಅಕ್ಕಾ. ಬಂದ್ ಮಾಡಿದ್ರೆ ವರ್ಗಾವಣೆ ರದ್ದು. ಕಳಿಸಿದ ಬಿಸಿಯೆಲ್ಲ ಮೂಲಸ್ಥಾನಕ್ಕೆ ವಾಪಸ್ ಬರ್ತದೆ. ತೊಟ್ಟಿ ಕುದೀತದೆ! ನನ್ನ ಗುರಿಕಾರ ಸತ್ತು ಹೋಗ್ತಾನೆ!"

ಅಂಗಳದಲ್ಲಿದ್ದ ಪೂವಪ್ಪ ಕುಂದರರು ಕೆಮ್ಮಿದರು.

"ಚಿಂತೆ ಬೇಡ," ಎಂದು ದೂಮಪ್ಪ ತಿರುಪು ತಿರುಗಿಸಿದ. "ಭರಣಿಗಿಂತ ದೊಡ್ಡ ಉಪ್ಪುನೀರು ಮಾತ್ರ ಅಂತ ಅಪ್ಪಣೆ ಬದಲಿಸಿದ್ದೇನೆ. ಭರಣಿಗಿಂತ ದೊಡ್ಡದು ಅಂದ್ರೆ ಸಮುದ್ರ ಬಿಟ್ಟರೆ ಬೇರೆ ಎಂತ ಉಂಟು?"

ಬೇರೆ ಎಂತ ಉಂಟು ಎಂಬುದು ಮರುದಿನ ಬೆಳಿಗ್ಗೆ ಪೂವಪ್ಪ ಕುಂದರರಿಂದಲೇ ಗೊತ್ತಾಯಿತು. ಅವರು ಮುಂಡು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಗುರಿಕಾರರು ಓಡುವುದನ್ನು ಊರು ಅದುವರೆಗೆ ಕಂಡಿರಲಿಲ್ಲ.

"ದೂಮಾ! ಐಸ್ ಪ್ಲಾಂಟಿನಲ್ಲಿ ಐಸ್ ಕುದೀತಾ ಉಂಟು!"

ಐಸ್ ಕಟ್ಟುವುದು ಹೇಗೆ? ತಗಡಿನ ಡಬ್ಬಿಗಳಲ್ಲಿ ನೀರು ತುಂಬಿ, ದೊಡ್ಡ ತೊಟ್ಟಿಯ ತಣ್ಣನೆಯ ಉಪ್ಪುನೀರಿನಲ್ಲಿ ಇಳಿಬಿಟ್ಟು. ಮೂವತ್ತು ವರ್ಷ ಆ ತೊಟ್ಟಿಯ ಪಕ್ಕದಲ್ಲೇ ಕೂತು ಬುತ್ತಿ ಉಂಡವನು ದೂಮಪ್ಪ! ಅದನ್ನೂ ಮರೆತಿದ್ದ! ಬಂದರಿನಲ್ಲಿ ಬುಟ್ಟಿಗಟ್ಟಲೆ ಬಂಗುಡೆ ಐಸಿಲ್ಲದೆ ಬಿಸಿಲು ಕಾಯುತ್ತಿತ್ತು, ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು, ಐಸ್ ಪ್ಲಾಂಟಿನ ಹುಡುಗರು ಮಾತ್ರ ಬಿಸಿನೀರು ಸಿಕ್ಕಿತೆಂದು ಸಾಲಾಗಿ ಸ್ನಾನ ಮಾಡುತ್ತಿದ್ದರು.

"ಇನ್ನು ತಪ್ಪುವ ಮಾತೇ ಇಲ್ಲ ಧಣಿ," ಎಂದ ದೂಮಪ್ಪ, ಬೆವರು ಒರೆಸಿಕೊಂಡು. "ಅಲೆ ಇರುವ ಉಪ್ಪುನೀರು ಮಾತ್ರ ಅಂತ ಹೇಳಿದ್ದೇನೆ. ಐಸ್ ಪ್ಲಾಂಟಿನಲ್ಲಿ ಅಲೆ ಉಂಟಾ? ಇಲ್ಲ!"

ಈ ಗಲಾಟೆಯ ನಡುವೆ ವಾರಿಜಕ್ಕನ ಸಂಕಟ ಕೇಳುವವರಿಲ್ಲ. ಗಂಟಿನ ಸೊಳೆಯನ್ನು ಉಪ್ಪುನೀರಿನಲ್ಲಿಡದಿದ್ದರೆ ಬೂಸಲು ಬರುತ್ತದೆ. ಹೊಸ ಉಪ್ಪುನೀರು ಮಾಡಿ ಪಾತ್ರೆಯಲ್ಲಿ ಇಡೋಣವೆಂದರೆ, ಆ ಹಾಳು ನಾಲಿಗೆಯನ್ನು ಯಾರು ನಂಬುವುದು? ಇವತ್ತು ಅಲೆ ಅನ್ನುತ್ತಾನೆ, ನಾಳೆ ಪಾತ್ರೆ ಸ್ವಲ್ಪ ಅಲುಗಾಡಿದರೆ ಅದೂ ಅಲೆಯೇ! ಒಲೆಯ ಮುಂದೆ ಕೂತು ಯೋಚಿಸಿದಳು. ಯಂತ್ರ ಎಲ್ಲ ಉಪ್ಪುನೀರಿಗೂ ಬಿಸಿ ಕಳಿಸುತ್ತದೆ. ಯಾವ ಉಪ್ಪುನೀರಿಗೆ ಮಾತ್ರ ಕಳಿಸುವುದಿಲ್ಲ?

ಅವಳು ಎದ್ದು ಚಾವಡಿಗೆ ಬಂದಳು. ದೂಮಪ್ಪ ಊಟದ ನಂತರ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ವಾರಿಜಕ್ಕ ಗಂಟನ್ನು ಮೆಲ್ಲಗೆ ತೊಟ್ಟಿಯೊಳಗೆ ಇಳಿಬಿಟ್ಟು, ಕಲ್ಲಿನ ಹಿಂದೆ ಒತ್ತಿಟ್ಟಳು. ಉಪ್ಪುನೀರು, ಮೇಲಿಂದ ತಂಪು. ಇದಕ್ಕಿಂತ ಒಳ್ಳೆಯ ಭರಣಿ ಎಲ್ಲಿದೆ? ಆಕ್ಟೋಪಸ್ ಒಂದು ಕಣ್ಣು ತೆರೆದು ನೋಡಿತು.

"ಎಂತ ನೋಡ್ತಿ? ಕಾವಲು ಕಾಯಿ," ಎಂದು ಪಿಸುಗುಟ್ಟಿ ಹೋದಳು.

ಮರುದಿನದಿಂದ ಯಂತ್ರ ಪೀಂ ಪೀಂ ಅನ್ನತೊಡಗಿತು. ತೊಟ್ಟಿಯಲ್ಲಿ ಉಪ್ಪು ಹೆಚ್ಚಾದರೆ ಕೂಗುವ ಹಾಗೆ ದೂಮಪ್ಪನೇ ಇಟ್ಟ ಕೂಗು ಅದು.

"ಅಕ್ಕಾ, ತೊಟ್ಟಿಗೆ ಯಾರಾದ್ರೂ ಉಪ್ಪು ಹಾಕಿದ್ರಾ?"

"ಯಾರಿಗೆ ಗೊತ್ತು? ನಿನ್ನ ಏಡಿಗಳು ಅತ್ತಿರಬೇಕು. ನಿನ್ನ ಜೊತೆ ಇರುವವರಿಗೆ ಅಳುದು ಬಿಟ್ಟರೆ ಎಂತ ಉಂಟು?"

ಅವನು ಒಂದು ಕೊಡ ಸಿಹಿನೀರು ಸುರಿಯುತ್ತಿದ್ದ. ಪೀಂ ಪೀಂ ನಿಲ್ಲುತ್ತಿತ್ತು. ಮತ್ತೆ ಸಂಜೆಗೆ ಪೀಂ ಪೀಂ. ವಾರಿಜಕ್ಕ ಏನೂ ಅರಿಯದವಳ ಹಾಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಹಾಗೆ ಗುರುವಾರದವರೆಗೆ ಊರು ಶಾಂತವಾಗಿತ್ತು. ಪಾದೆಗಳ ನಡುವೆ ನಮ್ಮ ಊರಿನ ಕಡಲು ಒಂದು ದೊಡ್ಡ ಬೋಗುಣಿಯ ಹಾಗೆ ಒಳಗೆ ಬಂದು ನಿಂತಿದೆ. ಆ ನೀರು ದಿನದಿಂದ ದಿನಕ್ಕೆ ಬೆಚ್ಚಗಾಗುತ್ತಿದೆ ಎಂದು ಮುದುಕರು ಖುಷಿಯಿಂದ ಸೊಂಟ ಮುಳುಗಿಸಿ ಕೂತರು. "ನೋಡಿದ್ಯಾ? ಊರಿಗೆ ಉಪಕಾರವೇ ಆಯ್ತಲ್ಲ!" ಎಂದು ದೂಮಪ್ಪ ಹೆಗಲು ಕುಣಿಸಿದ. ಅವನ ಮುಖ ನೋಡಿದರೆ ವಾರಿಜಕ್ಕನಿಗೆ ತುರಿಯುವ ಮಣೆ ಎತ್ತಿ ಹಾಕುವಷ್ಟು ಸಿಟ್ಟು ಬಂತು.

ಶುಕ್ರವಾರ ಬೆಳಿಗ್ಗೆ ವಾರಿಜಕ್ಕ ಅಂಗಳಕ್ಕೆ ನೀರು ಚಿಮುಕಿಸಿ, ಹೊಸಿಲಿಗೆ ಹೂವಿಟ್ಟು ಎದ್ದಳು. ಹಿಂದಿನಿಂದ ಟಕ್ ಟಕ್ ಟಕ್ ಎಂದಿತು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಒಂದು ಏಡಿ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಓಣಿ ಉದ್ದಕ್ಕೂ, ಕಡಲಿನಿಂದ ಅವಳ ಮನೆಯ ಬಾಗಿಲಿನವರೆಗೆ, ಏಡಿಗಳ ಸಾಲು!

ಪಾದೆಯ ಬೋಗುಣಿಯ ನೀರು ಮೀಯುವ ಹಂಡೆಯ ಹಾಗೆ ಹಬೆಯಾಡುತ್ತಿತ್ತು. ಊರಿನಲ್ಲಿ ತಣ್ಣನೆಯ ಉಪ್ಪುನೀರು ಉಳಿದದ್ದು ಒಂದೇ ಕಡೆ. ಅದು ಎಲ್ಲಿದೆಯೆಂದು ಕಡಲಿನ ಜೀವಗಳಿಗೆ ಯಾರು ಹೇಳಿದರೋ! ಸನ್ಯಾಸಿ ಏಡಿಗಳು ಶಂಖ ಹೊತ್ತುಕೊಂಡು ಬಂದವು. ನಕ್ಷತ್ರಮೀನುಗಳು ಕಾಂಪೌಂಡಿನ ಗೋಡೆ ಹತ್ತಿದವು. ಮೀನುಗಳಿಗೆ ಕಾಲಿಲ್ಲ, ಹಾಗೆಂದು ಅವು ಸುಮ್ಮನೆ ಕೂರಲಿಲ್ಲ, ಚರಂಡಿಯಲ್ಲಿ ಬಂದವು. ಹಾವುಮೀನೊಂದು ಸೀದಾ ದೇವರ ಕೋಣೆಗೆ ನುಗ್ಗಿತು. ಚಾವಡಿಯ ತೊಟ್ಟಿಯೊಳಗೆ ದೊಪ್ ದೊಪ್ ಎಂದು ಬೀಳುತ್ತಲೇ ಇದ್ದವು, ಜಾಗ ಸಿಗದವು ತೊಟ್ಟಿಯ ಸುತ್ತ ಜಗಳಕ್ಕೆ ನಿಂತಿದ್ದವು.

"ಅಕ್ಕಾ! ಎಂಥ ಸಂಗ್ರಹ! ಇಂಥದ್ದನ್ನು ಜನ್ಮದಲ್ಲಿ ಯಾರೂ ಮಾಡಿರ್ಲಿಕ್ಕಿಲ್ಲ!" ಎಂದು ದೂಮಪ್ಪ ಬೆಂಚಿನ ಮೇಲೆ ನಿಂತು ಕಿರುಚುತ್ತಿದ್ದ.

ಸೇಸಕ್ಕ ಬಾಣಲೆ ಹಿಡಿದುಕೊಂಡೇ ಬಂದಳು. "ಮನೆಬಾಗಿಲಿಗೆ ಬಂದದ್ದನ್ನು ಬೇಡ ಅನ್ನಬಾರದು," ಎಂದು ಕೂತು ಆರಿಸತೊಡಗಿದಳು. ಅವಳ ಹಿಂದೆ ಪೂವಪ್ಪ ಕುಂದರರು, ಅವರ ಹಿಂದೆ ಹಾರೆ ಹಿಡಿದ ಇಡೀ ಊರು.

"ಕಡಲು ಕುದಿಸಿದವನ ತೊಟ್ಟಿ ಒಡೆಯಿರಿ!" ಎಂದರು ಗುರಿಕಾರರು.

ಆಗ ಊರು ಕಾಣದ ಸಂಗತಿ ನಡೆಯಿತು. ತೊಟ್ಟಿಯನ್ನು ಹೊರಗೆ ಹಾಕೆಂದು ವಾರವಿಡೀ ಬಾಯಿಗೆ ಬಂದ ಹಾಗೆ ಬೈದ ವಾರಿಜಕ್ಕ, ಪೊರಕೆ ಎತ್ತಿಕೊಂಡು ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು.

"ತೊಟ್ಟಿಗೆ ಕೈ ಹಚ್ಚಿದವರ ಕೈ ಮುರೀತೇನೆ!"

ದೂಮಪ್ಪ ಬೆಂಚಿನ ಮೇಲಿಂದಲೇ ಕೈ ಜೋಡಿಸಿದ. "ಅಕ್ಕಾ! ನೀನೂ ಕೊನೆಗೆ ಈ ಕಡಲಜೀವಿಗಳನ್ನು ಪ್ರೀತಿ ಮಾಡ್ಲಿಕ್ಕೆ..."

"ನಿನ್ನ ಕಡಲಜೀವಿಗಳಿಗೆ ಬೆಂಕಿ ಬೀಳ್ಲಿ! ಒಳಗೆ ನನ್ನ ಸೊಳೆ ಉಂಟು!"

"ಸೊಳೆ?" ದೂಮಪ್ಪ ಬೆಂಚಿನಿಂದ ಇಳಿದ. "ನನ್ನ ತೊಟ್ಟಿಯಲ್ಲಿ ನಿನ್ನ ಉಪ್ಪುಸೊಳೆ? ಅದಕ್ಕೇ ಪೀಂ ಪೀಂ! ಇದು ವಿಜ್ಞಾನಕ್ಕೆ ಮಾಡಿದ ದ್ರೋಹ!"

"ನನ್ನ ಚಾವಡಿಯಲ್ಲಿ ನಿನ್ನ ಕಡಲು ಇರಬಹುದು, ನಿನ್ನ ಕಡಲಲ್ಲಿ ನನ್ನ ಸೊಳೆ ಇರಬಾರದಾ? ನನ್ನ ಮಗಳು ಒಂದು ಹೊತ್ತು ಹೊಟ್ಟೆ ತುಂಬ ಉಂಡು ಎಷ್ಟು ತಿಂಗಳಾಯ್ತು ಗೊತ್ತುಂಟಾ ನಿನಗೆ? ಮಾವ ಅಂತೆ ಮಾವ! ಏಡಿ ಬಾಡಿತು ಅಂತ ಯಂತ್ರ ಮಾಡ್ತಿ. ಸೋದರಸೊಸೆ ಬಾಡಿದ್ದು ಕಾಣುದಿಲ್ವಾ?"

ದೂಮಪ್ಪ ಯಂತ್ರದ ಕಡೆ ನಡೆದ. ಜನರೂ ಹಾರೆ ಕೆಳಗಿಟ್ಟರು. ಬಸುರಿಯ ಬಯಕೆಯ ಎದುರು ಯಾರ ಹಾರೆ ಏಳುತ್ತದೆ?

"ಬಂದ್ ಮಾಡ್ತೇನೆ," ಎಂದ ಅವನು, ಸಣ್ಣ ಸ್ವರದಲ್ಲಿ. "ಆದ್ರೆ ಬಂದ್ ಮಾಡಿದ ಕೂಡ್ಲೇ ಕಡಲಿನ ಬಿಸಿಯೆಲ್ಲ ತೊಟ್ಟಿಗೆ ವಾಪಸ್. ಮೊದಲು ಒಳಗೆ ಇರುವುದನ್ನೆಲ್ಲ ಹೊರಗೆ ತೆಗೀಬೇಕು. ಒಂದೂ ಬಿಡದ ಹಾಗೆ."

ಗುರಿಕಾರರು ಮುಂಡು ಬಿಗಿದರು. ಕೈರಂಪಣಿ ಎಳೆಯುವಾಗ ಕೂಗುವ ಹಾಗೆ ಒಂದು ಕೂಗು ಹಾಕಿದರು. ಅಷ್ಟೇ, ಊರು ಸಾಲಾಗಿ ನಿಂತಿತು, ಚಾವಡಿಯಿಂದ ಕಡಲಿನವರೆಗೆ. ಕೊಡ, ಬಕೆಟು, ಬುಟ್ಟಿ, ಸೇಸಕ್ಕನ ಬಾಣಲೆ, ಎಲ್ಲವೂ ಕೈಯಿಂದ ಕೈಗೆ ಹೋದವು. ಸೇಸಕ್ಕನ ಮಡಿಲಿನಿಂದಲೂ ಆರು ಏಡಿ ವಸೂಲಾದವು. ಕೊನೆಗೆ ತೊಟ್ಟಿಯಲ್ಲಿ ಉಳಿದದ್ದು ಆಕ್ಟೋಪಸ್ ಒಂದೇ. ಅದು ಕಲ್ಲಿನ ಹಿಂದೆ, ಎಂಟೂ ಕೈಗಳಿಂದ ಸೊಳೆಯ ಗಂಟನ್ನು ತಬ್ಬಿಕೊಂಡು ಕೂತಿತ್ತು.

"ಕಾವಲು ಕಾಯಿ ಅಂತ ನಾನೇ ಹೇಳಿದ್ದು," ಎಂದಳು ವಾರಿಜಕ್ಕ, ಹಣೆ ಚಚ್ಚಿಕೊಂಡು.

ಎಳೆದರೆ ಬಿಡಲಿಲ್ಲ. ಗದರಿದರೆ ಬಣ್ಣ ಬದಲಿಸಿತು. ಗಂಟು ಸಮೇತ ಬಕೆಟಿನಲ್ಲಿ ಹಾಕಿ ಎಲ್ಲರೂ ಕಡಲಿಗೆ ಓಡಿದರು. ದೂಮಪ್ಪ ಒಬ್ಬನೇ ಒಳಗೆ ಉಳಿದು, ತಾನು ಕೈಯಾರೆ ಅರಳಿಸಿದ ತೊಟ್ಟಿಯನ್ನು ಒಮ್ಮೆ ನೋಡಿ, ಗುಂಡಿ ಒತ್ತಿ ಹೊರಗೆ ಹಾರಿದ.

ಬುಸ್ಸ್!

ಮಾಡಿನ ಹಂಚುಗಳು ಒಟ್ಟಿಗೆ ಎದ್ದು ಒಟ್ಟಿಗೆ ಕೂತವು. ಬಿಳಿ ಉಗಿ ಆಕಾಶಕ್ಕೆ ಏರಿತು. ಅತ್ತ ಕಡಲು ಒಂದೇ ಕ್ಷಣದಲ್ಲಿ ತಣ್ಣಗಾಯಿತು. ಸೊಂಟ ಮುಳುಗಿಸಿ ಕೂತಿದ್ದ ಮುದುಕರು ಕಿರುಚಿಕೊಂಡು ಎದ್ದರು. ಬಕೆಟುಗಳು ಬಗ್ಗಿದವು, ಊರಿನ ಜೀವಗಳೆಲ್ಲ ಊರಿನ ನೀರಿಗೆ ಇಳಿದವು.

ಆಕ್ಟೋಪಸ್ ಮಾತ್ರ ದಡದ ನೀರಿನಲ್ಲಿ ಕೂತು ಗಂಟು ಬಿಡದೆ ಎಲ್ಲರನ್ನೂ ನೋಡಿತು. ಅದೇ ಹೊತ್ತಿಗೆ ಗಂಗೊಳ್ಳಿಯ ರಿಕ್ಷಾ ಬಂದು ನಿಂತಿತು. ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿದ ಮೋಹಿನಿ, ಮೊಣಕಾಲುದ್ದ ನೀರಿನಲ್ಲಿ ಎಂಟು ಕೈಯ ಪ್ರಾಣಿಯೊಂದಿಗೆ ಬಟ್ಟೆಯ ಗಂಟು ಜಗ್ಗಾಡುತ್ತಿರುವ ತಾಯಿಯನ್ನು ಕಂಡಳು.

"ಅಮ್ಮಾ, ಎಂತ ಅದು?"

"ನಿನ್ನ ಪಲ್ಯ!"

ಸೇಸಕ್ಕ ತಲೆಯಾಡಿಸಿದಳು. "ಪಾಲು ಕೊಡದೆ ಬಿಡ್ಲಿಕ್ಕಿಲ್ಲ ವಾರಿಜಾ. ಮುಟ್ಟಿದವರಿಗೆ ಪಾಲು. ವಾರವಿಡೀ ಕಾವಲು ಬೇರೆ ಕಾದಿದೆ."

ಎಲ್ಲರೂ ಪೂವಪ್ಪ ಕುಂದರರ ಕಡೆ ನೋಡಿದರು. ಪಾಲಿನ ತಕರಾರು ಬಂದರೆ ತೀರ್ಮಾನ ಗುರಿಕಾರರದ್ದೇ. ಅವರು ಮೀಸೆ ನೀವಿಕೊಂಡು, ತಮ್ಮ ಹೆಸರಿನವನನ್ನು ಬಹಳ ಹೊತ್ತು ದಿಟ್ಟಿಸಿದರು.

"ಕಟ್ಟಳೆ ಅಂದ್ರೆ ಕಟ್ಟಳೆ," ಎಂದರು. "ಎಂಟು ಕೈ ಮುಟ್ಟಿದೆ. ಎಂಟು ಪಾಲು."

"ಬಸುರಿಯ ಬಾಯಿಯ ತುತ್ತು!" ಎಂದು ವಾರಿಜಕ್ಕ ಕೂಗಾಡಿದಳು. "ಇದು ಯಾವ ಊರ ನ್ಯಾಯ!" ಎಂದಳು. ಆದರೂ ಗಂಟಿನ ಬಾಯಿ ಬಿಚ್ಚಿ ಒಂದೊಂದು ಕೈಗೆ ಒಂದೊಂದು ಸೊಳೆ ಕೊಟ್ಟಳು. ಎಂಟನೆಯದು ಸಿಕ್ಕಿದ ಕೂಡಲೇ ಆಕ್ಟೋಪಸ್ ಗಂಟು ಬಿಟ್ಟು, ಎಂಟು ಸೊಳೆಗಳನ್ನೂ ಎತ್ತಿ ಹಿಡಿದು, ಪಾದೆಯ ಸಂದಿಗೆ ಸರಿದುಹೋಯಿತು. ದೂಮಪ್ಪ ಅದು ಹೋದ ಕಡೆ ನೋಡುತ್ತ ಮೂಗು ಒರೆಸಿಕೊಂಡ. ಉಳಿದ ಸೊಳೆ ಒಂದು ಸಣ್ಣ ಬಾಣಲೆಗೆ ಸಾಕಾಗುವಷ್ಟಿತ್ತು.

ಚಾವಡಿಗೆ ಬಂದು ನೋಡಿದರೆ ತೊಟ್ಟಿಯೂ ಇಲ್ಲ, ನೀರೂ ಇಲ್ಲ, ಕುಕ್ಕರಿನ ಹಿಡಿಕೆ ಒಂದು ಬಿದ್ದಿತ್ತು. ನೆಲದ ಮೇಲೆ ಬೆಳ್ಳಗೆ, ಮೊಣಕಾಲೆತ್ತರಕ್ಕೆ, ಉಪ್ಪಿನ ರಾಶಿ. ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಪಾಲಿನ ಉಪ್ಪು ಕಟ್ಟಿಕೊಂಡು ಹೋದರು. ಹೋದ ಮೇಲೂ ರಾಶಿ ಮುಗಿಯಲಿಲ್ಲ.

ವಾರಿಜಕ್ಕ ಒಗ್ಗರಣೆ ಹಾಕಿದಳು, ಕಾಯಿ ಹಾಕಿದಳು, ಬಿಸಿ ಅನ್ನದ ಪಕ್ಕದಲ್ಲಿ ಪಲ್ಯ ಬಡಿಸಿ ಮಗಳ ಎದುರಿಗೇ ಕೂತಳು. ಮೋಹಿನಿ ಒಂದು ತುತ್ತು ತಿಂದಳು. ತಾಯಿ ಉಸಿರು ಬಿಗಿಹಿಡಿದಳು. ಬಾಗಿಲ ಸಂದಿಯಲ್ಲಿ ನಿಂತು ಇಣುಕುತ್ತಿದ್ದ ದೂಮಪ್ಪನೂ ಉಸಿರು ಬಿಗಿಹಿಡಿದ. ತುತ್ತು ಇಳಿಯಿತು. ಅಲ್ಲೇ ನಿಂತಿತು. ಇನ್ನೊಂದು ತುತ್ತು, ಮತ್ತೊಂದು. ಎಲೆಯ ಅನ್ನ ಪೂರ್ತಿ ಖಾಲಿಯಾಯಿತು. ವಾರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನಷ್ಟು ಅನ್ನ ಬಡಿಸಿದಳು.

ಮೋಹಿನಿ ಬೆರಳು ನೆಕ್ಕುತ್ತ ಹೇಳಿದಳು: "ಎಲ್ಲ ಲಾಯ್ಕ ಆಗಿದೆ ಅಮ್ಮಾ. ಉಪ್ಪು ಮಾತ್ರ ಸ್ವಲ್ಪ ಕಮ್ಮಿ."

ವಾರಿಜಕ್ಕ ನಿಧಾನವಾಗಿ ಬಾಗಿಲ ಕಡೆ ತಿರುಗಿದಳು.

"ಕೇಳಿತಾ ದೂಮಾ? ಚಾವಡಿಗೆ ಹೋಗಿ ಒಂದು ಚಿಟಿಕೆ ಉಪ್ಪು ತಾ. ಹುಟ್ಟಿದ ಮೇಲೆ ನೀನು ಮಾಡಿದ್ದರಲ್ಲಿ ಅದೊಂದು ಉಪಯೋಗಕ್ಕೆ ಬರ್ಲಿ."